ಆರು ತಡಿಕೆ

ಹಾಸನದ ವಿದ್ಯಾ ಇಲಾಖೆಯ ಕಚೇರಿಯಿಂದ ಬಂದ ಸುತ್ತೋಲೆಯನ್ನು ನಮ್ಮ ಹೆಡ್‌ಮಾಸ್ಟರು ಎರಡು ಸಲ ಓದಿದರು. ಮೊದಲ ಸಲ ಮನಸ್ಸಿನಲ್ಲಿ, ಎರಡನೆಯ ಸಲ ತುಟಿ ಆಡಿಸಿಕೊಂಡು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು.

“ಏನ್ರೀ ಮೇಷ್ಟ್ರೇ, ಇದೇನಿದು ಅರ್ಡಲ್ಸು?”

“ಹರ್ಡಲ್ಸ್, ಸಾರ್,” ಎಂದೆ. ಹಕಾರವನ್ನು ಸ್ವಲ್ಪ ಒತ್ತಿಯೇ ಹೇಳಿದೆ. ನಾನು ಅರಕಲಗೂಡು ಕಡೆಯ ಹಳ್ಳಿಯಲ್ಲಿ ಹುಟ್ಟಿದವನು. ನಮ್ಮ ಮನೆಯಲ್ಲಿ ಹಾಲು ಆಲಾಗಿತ್ತು, ಹಸು ಅಸುವಾಗಿತ್ತು. ಹಕಾರವನ್ನು ನಾನು ಬಿ.ಎ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನವರ ಕೈಲಿ ನಗಿಸಿಕೊಂಡು ಕಲಿತದ್ದು. ಕಷ್ಟಪಟ್ಟು ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳಲು ಮನಸ್ಸಾಗದೆ ಬೇಡದ ಕಡೆಗೂ ಹಚ್ಚುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ದಿನ “ಹಾಫೀಸಿಗೆ ಹೋಗಿ ಬರ್ತೀನಿ” ಅಂದದ್ದಕ್ಕೆ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದ್ದಳು.

“ಅದೇ ಕಣ್ರೀ, ಅರ್ಡಲ್ಸು. ಅಂದ್ರೆ ಏನು?”

“ಅಡ್ಡಿ, ಸಾರ್. ಆತಂಕ.”

“ಆತಂಕ ನಿಮ್ಮ ಹತ್ತಿರ ಬೇಕಾದಷ್ಟಿದೆ. ಇವರು ಆರು ಬೇಕು ಅಂತಾರಲ್ಲ, ಎತ್ತರ ಬೇರೆ ಕೊಟ್ಟಿದಾರೆ.”

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಆ ವರ್ಷ ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಒಂದೊಂದು ಶಾಲೆ ನಮ್ಮ ಮೈದಾನಕ್ಕೆ ಬಂದು ಆಟೋಟದ ಸ್ಪರ್ಧೆ ನಡೆಯಬೇಕೆಂದು ಗೊತ್ತಾಗಿತ್ತು. ಓಟ, ಉದ್ದ ಜಿಗಿತ, ಕಬಡ್ಡಿ ನಮಗೆ ಗೊತ್ತಿದ್ದವು. ಹರ್ಡಲ್ಸ್ ಅನ್ನುವುದನ್ನು ಮೊದಲ ಬಾರಿಗೆ ಸೇರಿಸಿದ್ದರು. ನಮ್ಮ ಡ್ರಿಲ್ ಮೇಷ್ಟ್ರು ವರ್ಗವಾಗಿ ಹೋಗಿ ಎರಡು ತಿಂಗಳಾಗಿತ್ತು, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.

“ಪದ ಇಂಗ್ಲಿಷಿನದು, ಆದ್ದರಿಂದ ಅದು ನಿಮ್ಮ ಇಲಾಖೆ,” ಎಂದು ಹೆಡ್‌ಮಾಸ್ಟರು ಸುತ್ತೋಲೆಯನ್ನು ನನ್ನ ಕಡೆ ತಳ್ಳಿದರು. ತಳ್ಳಿ, ದನಿ ತಗ್ಗಿಸಿ ಹೇಳಿದರು: “ಅವತ್ತು ಹಾಸನದಿಂದ ಸಾಹೇಬರು ಬರ್ತಾರೆ. ನಿಮ್ಮ ಖಾಯಂ ಕಾಗದ ಅವರ ಹತ್ತಿರಾನೇ ನಿಂತಿದೆ. ತಮ್ಮ ಚೀಲದಲ್ಲಿ ತರ್ತೀನಿ ಅಂದಿದಾರೆ. ಆಟ ಮುಗಿದ ಮೇಲೆ ಬಹುಮಾನ, ಬಹುಮಾನ ಆದ ಮೇಲೆ ಕಾಫಿ. ಕಾಫಿ ಕುಡೀತಾ ಇರುವಾಗ ನಾನು ಕಾಗದ ಮುಂದಿಡ್ತೀನಿ. ತಿಳೀತಾ?”

ತಿಳಿಯಿತು. ನಾನು ಎರಡು ವರ್ಷದಿಂದ ಹಂಗಾಮಿಯಾಗಿದ್ದೆ. ಬೇಸಿಗೆ ರಜ ಬಂದರೆ ಕೆಲಸ ಹೋಗುತ್ತಿತ್ತು, ಶಾಲೆ ಶುರುವಾದರೆ ಮತ್ತೆ ಬರುತ್ತಿತ್ತು. ಮೂರನೆಯ ಸಲ ಬರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ನನ್ನ ಹೆಂಡತಿಗೆ ಆಗ ಆರನೆಯ ತಿಂಗಳು. ಸಾಹೇಬರ ಒಂದು ಸಹಿ ಬಿದ್ದರೆ ನಾವು ಊರಲ್ಲಿ ಉಳಿಯುತ್ತೇವೆ; ಇಲ್ಲವಾದರೆ ಬಸುರಿ ಹೆಂಡತಿಯನ್ನು ಕರೆದುಕೊಂಡು ಅಣ್ಣನ ಮನೆಯ ಜಗಲಿಗೆ ಹೋಗಿ ಕೂರುತ್ತೇವೆ. ಅಲ್ಲಿ ಅತ್ತಿಗೆ ಏನೂ ಅನ್ನುವುದಿಲ್ಲ. ಅನ್ನದೆ ಇರುವುದರಲ್ಲಿ ಅವರು ಬಹಳ ಗಟ್ಟಿಗರು.

ನಾನು ಹುಟ್ಟಿದಂದಿನಿಂದ ಒಂದೇ ಒಂದು ಹರ್ಡಲ್ಸ್ ಓಟ ನೋಡಿರಲಿಲ್ಲ. ಊರಲ್ಲಿ ನೋಡಿದವರಿದ್ದರೋ ಏನೋ, ಕೇಳಬಹುದಿತ್ತು. ಕೇಳಲಿಲ್ಲ. ಇಂಗ್ಲಿಷ್ ಮೇಷ್ಟ್ರಾಗಿ ಇಂಗ್ಲಿಷ್ ಪದದ ಅರ್ಥವನ್ನು ಇನ್ನೊಬ್ಬರನ್ನು ಕೇಳುವುದೇ? ಆಫೀಸಿನ ಬೀರುವಿನಲ್ಲಿ ದೊಡ್ಡ ನಿಘಂಟು ಇತ್ತು. ಕೀಲಿ ಇಸಿದುಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಬಿಚ್ಚಿ ಕೂತೆ.

ಆ ನಿಘಂಟಿನ ಒಂದು ಗುಣ ನನಗೆ ಆಗ ಗೊತ್ತಿರಲಿಲ್ಲ. ಅದು ಅರ್ಥಗಳನ್ನು ವಯಸ್ಸಿನ ಪ್ರಕಾರ ಜೋಡಿಸುತ್ತಿತ್ತು: ತೀರ ಹಳೆಯದು ಮೊದಲು, ನೆನ್ನೆ ಮೊನ್ನೆಯದು ಕೊನೆಗೆ. ಮದುವೆಯ ಪಂಕ್ತಿಯಲ್ಲಿ ಹಿರಿಯರನ್ನು ಮೊದಲು ಕೂರಿಸಿದ ಹಾಗೆ. ನಾನೋ, ಮೊದಲು ಕೂತವರೇ ಮುಖ್ಯರು ಎಂದುಕೊಂಡೆ.

ಮೊದಲನೆಯ ಅರ್ಥ: ಸೀಳಿದ ಕಡ್ಡಿಗಳನ್ನು ನಿಲುಗೂಟಗಳಿಗೆ ಹೆಣೆದು ಮಾಡಿದ ಚೌಕಟ್ಟು, ಕುರಿಗಳನ್ನು ಹೊಲದಲ್ಲಿ ಕೂಡಿಹಾಕಲು ಎತ್ತಿಕೊಂಡು ಹೋಗಿ ನಿಲ್ಲಿಸುವಂಥದು. ಓದುತ್ತಿದ್ದಂತೆ ನನಗೆ ಮೈ ಹಗುರವಾಯಿತು. ಇದು ನಮ್ಮ ತಡಿಕೆ. ಸುಗ್ಗಿ ಮುಗಿದ ಮೇಲೆ ಚನ್ನರಾಯಪಟ್ಟಣದ ಕಡೆಯಿಂದ ಬರುವ ಕುರಿ ಮಂದೆಗಳನ್ನು ಗೊಬ್ಬರಕ್ಕಾಗಿ ಹೊಲದಲ್ಲಿ ತರುಬಿದಾಗ ಸುತ್ತ ನಿಲ್ಲಿಸುವ ತಡಿಕೆ. ಕಡಲಾಚೆಯ ಪದ ಎಂದು ಹೆದರಿದ್ದರೆ ಅದು ನಮ್ಮಪ್ಪನ ಹೊಲದಲ್ಲೇ ನಿಂತಿತ್ತು.

ಪದದ ಬುಡವನ್ನೂ ಕೊಟ್ಟಿದ್ದರು. ಹಳೆಯ ಇಂಗ್ಲಿಷಿನಲ್ಲಿ ಅದು ಹಿರ್ಡೆಲ್. ಹೆಣಿಗೆಯ ಚೌಕಟ್ಟನ್ನು ಹೇಳುವ ಇನ್ನೂ ಹಳೆಯ ಪದವೊಂದರ ಮರಿ. ಆ ಹಳೆಯ ಪದದ ಸೋದರ ಸಂಬಂಧಿಗಳು ಅಕ್ಕಪಕ್ಕದ ಭಾಷೆಗಳಲ್ಲಿ ಇದ್ದರು. ಕೆಲವು ಕಡೆ ಅದಕ್ಕೆ ಬಾಗಿಲು ಎಂದೇ ಅರ್ಥ. ಬಡವರ ಮನೆಯ ಬಾಗಿಲು ಅಲ್ಲೂ ಹೆಣೆದದ್ದೇ ಆಗಿತ್ತು ಅಂತ ಕಾಣುತ್ತದೆ. ಸಾಮಾನು ತುಂಬಿ ಬರುವ ಕ್ರೇಟು ಲ್ಯಾಟಿನ್ ಕಡೆಯಿಂದ ಇದರ ದೂರದ ನೆಂಟ. ಆದರೆ ಮಂದೆ ಎನ್ನುವ ಅರ್ಥದ ಹರ್ಡ್ ಎಂಬ ಪದಕ್ಕೂ ಇದಕ್ಕೂ ನೆಂಟಸ್ತನವಿಲ್ಲ. ಇದನ್ನು ನಾನು ಆಗ ಗಮನಿಸದೆ ಮರುದಿನ ಒಂಬತ್ತನೇ ತರಗತಿಗೆ “ಹರ್ಡ್ ಇಂದ ಹರ್ಡಲ್ ಬಂತು” ಎಂದು ಹಲಗೆಯ ಮೇಲೆ ಬರೆದುಬಿಟ್ಟೆ. ಹಿಂದಿನ ಬೆಂಚಿನವನೊಬ್ಬ ಎದ್ದು, “ಅಡ್ಡದಿಂದ ಅಡ್ಲು, ಅಡ್ಲಿಂದ ಅರ್ಡಲ್ಲು ಬಂದಿರ್ಬೈದಲ್ವಾ ಸಾ?” ಅಂದ. ಕೂತುಕೋ ಅಂದೆ. ನಾನು ಹೇಳಿದ ಬುಡ ತಪ್ಪು, ಅವನದೂ ತಪ್ಪು. ಆದರೆ ಅವನದು ನೆನಪಿನಲ್ಲಿ ಉಳಿಯುವಂಥ ತಪ್ಪು.

ಎರಡನೆಯ ಅರ್ಥ ಓದಿದಾಗ ಮೈ ಮತ್ತೆ ಭಾರವಾಯಿತು. ರಾಜದ್ರೋಹ ಮಾಡಿದವನನ್ನು ಇದೇ ತಡಿಕೆಯ ಮೇಲೆ ಮಲಗಿಸಿ ಕಟ್ಟಿ, ಕುದುರೆಯ ಹಿಂದೆ ಬೀದಿಯುದ್ದಕ್ಕೂ ಎಳೆದುಕೊಂಡು ಗಲ್ಲಿನ ಮರದವರೆಗೆ ಒಯ್ಯುತ್ತಿದ್ದರಂತೆ. ಹೊಳೆನರಸೀಪುರದಿಂದ ಹಾಸನಕ್ಕೆ ಇಪ್ಪತ್ತು ಮೈಲಿ. ಸಾಹೇಬರ ಜಟಕಾ ಮುಂದೆ, ತಡಿಕೆಯ ಮೇಲೆ ನಾನು ಹಿಂದೆ, ಮಧ್ಯೆ ಹಗ್ಗ. ಕಣ್ಣು ಮುಚ್ಚಿದರೆ ಇದು ಕಾಣತೊಡಗಿತು. ಕೆಸರಿನ ಮೇಲೆ ಹಾಸಿ ದಾಟುವುದಕ್ಕೂ ತಡಿಕೆ ಬಳಸುತ್ತಿದ್ದರೆಂದು ಬರೆದಿತ್ತು. ಅದು ಸ್ವಲ್ಪ ಸಮಾಧಾನ. ಓಟದಲ್ಲಿ ಹಾರುವ ಸಂಗತಿ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದೇ ಸಾಲು: ‘ಇಂಥದೇ ಚೌಕಟ್ಟು, ಓಟಗಾರರು ಹಾರಿ ದಾಟುವಂಥದು’. ಬದುಕಿನ ಅಡ್ಡಿ ಆತಂಕ ಎಂಬ ಅರ್ಥ ಅದಕ್ಕೂ ಕೆಳಗೆ. ಇಂಥದೇ ಚೌಕಟ್ಟು ಎಂದಮೇಲೆ ಇನ್ನೇನು? ನಿಘಂಟು ಮುಚ್ಚಿದೆ.

ಮೇದರ ಬೀದಿಯ ತುದಿಯಲ್ಲಿ ಬಿದಿರು ಹೆಣೆಯುವ ಒಬ್ಬ ಮುದುಕಿಯಿದ್ದಳು. ನಾನು ಹೋದಾಗ ಬೀದಿಯಲ್ಲೇ ಕಾಲು ಚಾಚಿ ಕೂತು ಮೊರ ಕಟ್ಟುತ್ತಿದ್ದಳು.

“ತಡಿಕೆ ಬೇಕಿತ್ತಮ್ಮ.”

“ಬಾಗ್ಲಿಗೋ, ಬಚ್ಲಿಗೋ?”

“ಕುರಿಗೆ.”

ಅವಳು ಕತ್ತಿ ನಿಲ್ಲಿಸಿ ನನ್ನ ಕೋಟನ್ನೂ ಕೊಡೆಯನ್ನೂ ನೋಡಿದಳು. “ನಿಮ್ತಾವ ಕುರಿ ಅವ್ಯಾ ಸಾ?”

“ನಮ್ಮಲ್ಲಿಲ್ಲ. ಇಸ್ಕೂಲಿಗೆ.”

“ಇಸ್ಕೂಲ್ನಾಗೂ ಕುರಿ ತರುಬ್ತಾರಾ?”

ಆಗಲೇ ಹೇಳಬೇಕಿತ್ತು, ಹುಡುಗರು ಓಡಿಬಂದು ಇದರ ಮೇಲೆ ಹಾರುತ್ತಾರೆ ಎಂದು. ಆದರೆ ಬಿ.ಎ. ಓದಿದವನು ಬೀದಿಯಲ್ಲಿ ನಿಂತು, ‘ದಾರಿಗೆ ಅಡ್ಡ ಇಡುತ್ತೇವೆ, ಆಮೇಲೆ ಅದನ್ನೇ ಹಾರುತ್ತೇವೆ’ ಎಂದರೆ ಆ ಬೀದಿ ಪೂರ್ತಿ ನಗುತ್ತದೆ ಎನ್ನಿಸಿತು. ನಗುವವರಿಗೆ ನಾನು ಹಾಸ್ಟೆಲಿನಿಂದಲೂ ಹೆದರುತ್ತೇನೆ.

“ಕುರಿ ತಡಿಕೆ ಹ್ಯಾಗೆ ಹೆಣೀತೀಯೋ ಹಾಗೇ ಹೆಣಿಯಮ್ಮ. ಎರಡು ಮಾರು ಉದ್ದ, ಸೊಂಟದೆತ್ತರ. ಆರು ತಡಿಕೆ.”

“ಗಟ್ಟಿಗಿರ್ಬೇಕಾ?”

“ಗಟ್ಟಿಯಾಗಿರಬೇಕು,” ಎಂದೆ, ಬಹಳ ಜಾಣನಂತೆ.

ಮುಂದಿನ ಹತ್ತು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಬಿದಿರು ಸಿಕ್ಕದಿದ್ದರೆ? ಮುದುಕಿಗೆ ಜ್ವರ ಬಂದರೆ? ಸಾಹೇಬರು ಆ ದಿನ ಬರದಿದ್ದರೆ? ಬಂದೇಬಿಟ್ಟರೆ? ದಿನಾ ಸಂಜೆ ಮೇದರ ಬೀದಿಯ ಕಡೆಯಿಂದ ಸುತ್ತಿಕೊಂಡು ಮನೆಗೆ ಬರುತ್ತಿದ್ದೆ. ಮುದುಕಿ ತಲೆಯೆತ್ತದೆ, “ಆಯ್ತದೆ ಓಗಿ ಸಾ” ಎನ್ನುತ್ತಿದ್ದಳು. ಹೆಂಡತಿ ಕೊನೆಗೆ ಹೇಳಿದಳು: “ಬಸುರಿ ನಾನು. ವಾಕರಿಕೆ ನಿಮಗೆ ಯಾಕೆ?”

ಆಟೋಟದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ತಡಿಕೆಗಳು ಎತ್ತಿನ ಗಾಡಿಯಲ್ಲಿ ಬಂದವು. ಮುದುಕಿಯೂ ಬಂದಳು, ಬಂದು, ಹಾರೆಯಿಂದ ಗುಳಿ ತೋಡಿಸಿ, ಆರನ್ನೂ ಮೈದಾನದುದ್ದಕ್ಕೆ ನಾನು ತೋರಿಸಿದ ಕಡೆ ನೆಡಿಸಿದಳು. ನಿಲುಗೂಟಗಳನ್ನು ಮುಕ್ಕಾಲು ಮೊಳ ಆಳಕ್ಕೆ ಇಳಿಸಿ, ಕಲ್ಲು ಜಡಿದು, ಕಾಲಿನಿಂದ ತುಳಿದು, ಕೈಯಿಂದ ಅಲ್ಲಾಡಿಸಿ ನೋಡಿದಳು. ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ಹಸಿ ಬಿದಿರಿನ ಹೆಣಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ಬಹಳ ಚೆನ್ನಾಗಿತ್ತು.

ಎಲ್ಲರೂ ಅತ್ತ ಹೋದ ಮೇಲೆ ನನಗೊಂದು ಯೋಚನೆ ಹತ್ತಿತು. ಹಾರಲು ಆಗುತ್ತದೋ ಇಲ್ಲವೋ? ಅತ್ತಿತ್ತ ನೋಡಿ, ಕೋಟು ಕಳಚಿ, ಪಂಚೆಯನ್ನು ಕಚ್ಚೆ ಎತ್ತಿ ಸಿಕ್ಕಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಓಡಿಬಂದು ಹಾರಿದೆ. ನಾನು ಆ ಕಡೆ ಹೋದೆ. ಪಂಚೆ ಈ ಕಡೆ ಉಳಿಯಿತು. ಪರ್ರೆಂದು ಸದ್ದಾಯಿತು. ಮೊಣಕೈ ತರಚಿಕೊಂಡು ನೆಲದ ಮೇಲಿಂದ ತಲೆಯೆತ್ತಿ ನೋಡಿದರೆ, ತಡಿಕೆಯ ಮೇಲಂಚಿನುದ್ದಕ್ಕೂ ನಿಲುಗೂಟಗಳು ನಾಲ್ಕು ಬೆರಳಿನಷ್ಟು ಮೇಲೆ ಚಾಚಿಕೊಂಡಿದ್ದವು. ಒಂದೊಂದನ್ನೂ ಸೀಸದಕಡ್ಡಿಯ ಹಾಗೆ ಚೂಪಾಗಿ ಕೆತ್ತಿತ್ತು. ನನ್ನ ಪಂಚೆ ಅವುಗಳಲ್ಲಿ ಒಂದರ ಮೇಲೆ ಬಾವುಟವಾಗಿತ್ತು.

ಮುದುಕಿ ಹೋಗಿರಲಿಲ್ಲ. ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು.

“ಯಾಕ್ ಸಾ ಆರಿದ್ರಿ?” ಎಂದಳು.

ಈಗ ಹೇಳದೆ ಗತಿಯಿರಲಿಲ್ಲ. ಹೇಳಿದೆ. ಅವಳು ಎಲೆ ಅಗಿಯುವುದನ್ನು ನಿಲ್ಲಿಸಿದಳು.

“ಮಕ್ಳು ಆರ್ತವಾ? ಇದ್ರ ಮ್ಯಾಲಾ? ಅಲ್ಲಾ ಸಾ, ಕುರಿ ಆರ್ಬಾರ್ದು, ತ್ವಾಳ ಆರ್ಬಾರ್ದು ಅಂತ ತಾನೆ ಮೊನೆ ಬುಡೋದು? ಆರು ತಡಿಕೆ ಅಂದ್ರಿ. ನಾನು ಲೆಕ್ಕ ಅಂದ್ಕಂಡೆ ಕಣ್ ಸಾ. ಆರೋ ತಡಿಕೆ ಅಂತ ನಂಗೇನ್ ಗೊತ್ತು?”

“ನಾನು ಹೇಳಿದ್ದೂ ಲೆಕ್ಕಾನೇ ಕಣಮ್ಮ.”

“ಎಲ್ಡ್ನೂ ಯೋಳ್ಬೇಕಿತ್ತು.”

ಎರಡನ್ನೂ ಹೇಳಬೇಕಿತ್ತು. ಮೊನೆಯ ಮೇಲೆ ನೇತಾಡುವ ನನ್ನ ಪಂಚೆಯ ಜಾಗದಲ್ಲಿ ನನಗೆ ಒಬ್ಬ ಹುಡುಗನ ತೊಡೆ ಕಂಡಿತು. ಮುದುಕಿ ಎದ್ದು ಸೊಂಟದಿಂದ ಕತ್ತಿ ತೆಗೆದಳು. “ಮೊನೆ ಕೊಯ್ದ್ರೆ ಎಣಿಗೆ ಬಿಚ್ಕತದೆ. ಕತ್ತದ ಅಗ್ಗ ಇದ್ರೆ ತರ್ಸಿ, ಅಂಚು ಕಟ್ಬುಡನ,” ಎಂದಳು. ಜವಾನ ಹಗ್ಗ ತಂದ. ಅವಳು ಕೊಯ್ಯುತ್ತಾ ಹೋದಳು, ನಾನು ಹಿಂದೆ ಹಗ್ಗ ಸುತ್ತುತ್ತಾ ಹೋದೆ. ಹೊತ್ತು ಮುಳುಗುವ ಮುಂಚೆ ಆರೂ ತಡಿಕೆಗಳ ಮೇಲಂಚು ತೊಟ್ಟಿಲಿನ ಅಂಚಿನಂತೆ ನುಣುಪಾಗಿತ್ತು. ಕೈಯಾಡಿಸಿ ಆಡಿಸಿ ನೋಡಿದೆ. ಚಿಂತೆ ಮಾಡುವವನಿಗೆ ನೆಮ್ಮದಿಯೆಂಬುದು ಹಬ್ಬದಂತೆ, ವರ್ಷಕ್ಕೆ ಕೆಲವು ದಿನ. ಆ ರಾತ್ರಿ ಮೂರು ಮುದ್ದೆ ಉಂಡೆ.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮೈದಾನ ತುಂಬಿತ್ತು. ಸಾಹೇಬರು ಬಂದು ಶಾಮಿಯಾನದ ಕೆಳಗೆ ಕೂತರು. ದಪ್ಪ ಚರ್ಮದ ಚೀಲ ಅವರ ಕಾಲ ಬುಡದಲ್ಲಿ ನಿಂತಿತ್ತು. ನಾನು ಸ್ಪರ್ಧೆಗಳನ್ನು ನೋಡಲಿಲ್ಲ, ಚೀಲವನ್ನು ನೋಡುತ್ತಿದ್ದೆ. ಓಟ ಆಯಿತು, ಜಿಗಿತ ಆಯಿತು, ಕಬಡ್ಡಿಯೂ ಆಯಿತು. ಕೊನೆಯದು ಹರ್ಡಲ್ಸ್. ಹನ್ನೆರಡೂವರೆಗೆ ಸಾಹೇಬರಿಗೆ ಹಾಸನದ ರೈಲು.

ಹಾಸನದ ಶಾಲೆಯ ಡ್ರಿಲ್ ಮೇಷ್ಟ್ರು ತರುಣ. ಸೀಟಿ ಊದುವ ಕೆಲಸ ಅವನದು. ಕೊರಳಿಗೆ ಸೀಟಿ ಹಾಕಿಕೊಂಡು ಮೊದಲ ತಡಿಕೆಯ ಹತ್ತಿರ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, “ಚೆನ್ನಾಗಿದೆ ಸಾರ್. ಕುರಿದೊಡ್ಡಿ ಥರ ಇದೆ,” ಎಂದ.

“ಅದೇ ಮೂಲಾರ್ಥ,” ಎಂದೆ.

ಅವನು ಕಾಲಿಂದ ಒಮ್ಮೆ ಒತ್ತಿದ. ಮತ್ತೆ ಒತ್ತಿದ. “ಬೀಳಲ್ವಾ ಸಾರ್ ಇದು?”

“ಎಲ್ಲಿಯ ಬೀಳೋದು. ಮುಕ್ಕಾಲು ಮೊಳ ಹುಗಿಸಿದೀನಿ.”

“ಬೀಳ್ಬೇಕು ಸಾರ್.” ಅವನು ನಗುವುದನ್ನು ಬಿಟ್ಟಿದ್ದ. “ಕಾಲು ತಗುಲಿದ ತಕ್ಷಣ ಹರ್ಡಲ್ ಬೀಳ್ಬೇಕು. ಅದು ಬೀಳ್ದಿದ್ರೆ ಹುಡುಗ ಬೀಳ್ತಾನೆ. ಟ್ರೈನಿಂಗಿನಲ್ಲಿದ್ದಾಗ ನನ್ನ ಕಣ್ಣೆದುರಿಗೇ ಒಬ್ಬನ ಮೊಣಕಾಲು ಚಿಪ್ಪು ಹೋಯಿತು. ಅದು ಬರೀ ಮರದ ಪಟ್ಟಿ. ಇದು ಗೋಡೆ.”

ನಾನು ಹೆಡ್‌ಮಾಸ್ಟರ ಬಳಿಗೆ ಓಡಿದೆ. ಅವರು ಬಹುಮಾನದ ಲೋಟಗಳನ್ನು ಒರೆಸಿಡಿಸುತ್ತಿದ್ದರು. ಹೇಳಿದೆ. ಅವರು ಲೋಟದಿಂದ ಕಣ್ಣು ತೆಗೆಯಲಿಲ್ಲ.

“ಸುಮ್ನಿರ್ರೀ. ಹುಡುಗರು ಬೇಲಿ ಹಾರಿ ಮಾವಿನಕಾಯಿ ಕದಿಯೋರು. ಹಾರ್ತಾರೆ.”

“ಹಾರಲಿಲ್ಲಾಂದ್ರೆ, ಸಾರ್?”

“ನಿಮ್ಮ ಕಾಗದ ಚೀಲದಲ್ಲಿದೆ. ಇದೊಂದು ಮುಗೀಲಿ. ಐದು ನಿಮಿಷದ ಕೆಲಸ ಮೇಷ್ಟ್ರೇ. ಐದು ನಿಮಿಷ ಯೋಚನೆ ಮಾಡದೆ ಇರೋಕಾಗಲ್ವೇ ನಿಮಗೆ?”

ಐದು ನಿಮಿಷ ಇರೋಣವೆಂದೇ ನಾನು ತಿರುಗಿ ಬಂದೆ. ಇದನ್ನು ಬಚ್ಚಿಡುವುದಿಲ್ಲ. ನಾಲ್ಕು ಶಾಲೆಯ ನಾಲ್ಕು ಹುಡುಗರು ಗೆರೆಯ ಮೇಲೆ ನಿಂತಿದ್ದರು. ಯಾರ ಕಾಲಲ್ಲೂ ಚಪ್ಪಲಿಯಿರಲಿಲ್ಲ. ಚನ್ನರಾಯಪಟ್ಟಣದವನು ಎಲ್ಲರಿಗಿಂತ ಕುಳ್ಳ. ಅವನು ಗೆರೆ ಬಿಟ್ಟು ಮೊದಲ ತಡಿಕೆಯವರೆಗೆ ನಡೆದು ಬಂದು, ಅದರ ಪಕ್ಕ ನಿಂತು, ಅದು ತನಗೆಲ್ಲಿಗೆ ಬರುತ್ತದೆಂದು ಕೈಯಿಂದ ಅಳೆದುಕೊಂಡ. ಎದೆಯ ಹತ್ತಿರಕ್ಕೆ ಬಂತು. ಅವನು ನನ್ನ ಮುಖ ನೋಡಿ ಗೆರೆಗೆ ಹಿಂತಿರುಗಿದ. ಡ್ರಿಲ್ ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟುಕೊಳ್ಳದೆ ನನ್ನ ಕಡೆಯೇ ನೋಡುತ್ತಿದ್ದ. ಹೆಡ್‌ಮಾಸ್ಟರು ಶಾಮಿಯಾನದಿಂದ ಕರವಸ್ತ್ರ ಬೀಸಿದರು. ನನ್ನ ಕಾಲುಗಳು ನನ್ನನ್ನು ಕೇಳದೆ ಸಾಹೇಬರ ಕಡೆ ಹೊರಟವು.

ಇಂಗ್ಲಿಷಿನಲ್ಲಿ ಮಾತಾಡಬೇಕೆಂದು ದಾರಿಯಲ್ಲಿ ವಾಕ್ಯ ಕಟ್ಟಿಕೊಂಡಿದ್ದೆ. ಎದುರು ನಿಂತಾಗ ಉಳಿದದ್ದು ಒಂದೇ ಪದ, ಅದರಲ್ಲೂ ಮೈಸೂರಿನಲ್ಲಿ ಸಂಪಾದಿಸಿದ ಭಾಗ ಉದುರಿಹೋಗಿತ್ತು.

“ಸಾರ್, ಅರ್ಡಲ್ಸ್...”

“ಏನು?”

“ಗಟ್ಟಿಯಾಗಿವೆ, ಸಾರ್.”

“ಸಂತೋಷ.”

“ಬೀಳೋದಿಲ್ಲ, ಸಾರ್.”

“ಇನ್ನೂ ಸಂತೋಷ.”

ಪಕ್ಕದಲ್ಲಿ ಹೆಡ್‌ಮಾಸ್ಟರು ಕೆಮ್ಮಿದರು. ನಾನು ಅವರ ಕಡೆ ನೋಡದೆ ಹೇಳಿದೆ: “ಬೀಳಬೇಕು, ಸಾರ್. ತಗುಲಿದರೆ ಮಕ್ಕಳ ಕಾಲು ಮುರಿಯುತ್ತೆ. ತಪ್ಪು ನನ್ನದು, ನಾನು ತಪ್ಪಾಗಿ ಮಾಡಿಸಿದೀನಿ. ಅರ್ಧ ಗಂಟೆ ಕೊಟ್ಟರೆ ಸರಿಮಾಡಿಸ್ತೀನಿ.”

ಸಾಹೇಬರು ತಡಿಕೆಗಳನ್ನು ನೋಡಿದರು, ನನ್ನ ತರಚಿದ ಮೊಣಕೈ ನೋಡಿದರು, ಗಡಿಯಾರ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಒಂದು ಆಧಾರವಿರುತ್ತಿತ್ತು. “ಹಾಗಾದರೆ ಸರಿಮಾಡಿಸಿ. ನಾನು ನಿಧಾನವಾಗಿ ಸ್ಟೇಷನ್ ಕಡೆ ಹೊರಡ್ತೀನಿ. ಉಳಿದದ್ದು ಆಮೇಲೆ ನೋಡೋಣ,” ಎಂದು ಎದ್ದರು. ಜವಾನ ಚೀಲ ಎತ್ತಿಕೊಂಡ. ಹೆಡ್‌ಮಾಸ್ಟರು ಜಟಕಾದವರೆಗೆ ಹಿಂದೆಯೇ ಹೋದರು. ಚೀಲ ಮೊದಲು ಗಾಡಿ ಹತ್ತಿತು, ಆಮೇಲೆ ಸಾಹೇಬರು ಹತ್ತಿದರು.

ಸರಿಮಾಡಿಸುತ್ತೇನೆ ಎಂದಿದ್ದೆನಲ್ಲ, ಹೇಗೆಂದು ನನಗೆ ಗೊತ್ತಿರಲಿಲ್ಲ. ಕಿತ್ತರೆ ತಡಿಕೆ ನಿಲ್ಲುವುದಿಲ್ಲ, ನಿಂತರೆ ಬೀಳುವುದಿಲ್ಲ. ಮುದುಕಿ ಬೇವಿನ ಮರದ ಕೆಳಗಿದ್ದಳು. ತನ್ನ ತಡಿಕೆಗಳನ್ನು ಹುಡುಗರು ಹಾರುವುದನ್ನು ನೋಡಲು ಹೊಸ ಸೀರೆ ಉಟ್ಟು ಬಂದಿದ್ದಳು. ಹೋಗಿ ಮುಂದೆ ನಿಂತೆ. ಅವಳು ಪೂರ್ತಿ ಕೇಳುವ ಮುಂಚೆಯೇ ಕೈಯೆತ್ತಿದಳು.

“ಬೀಳ್ಬೇಕಾ? ಅದೇನ್ ಮಾ ಕೆಲ್ಸ. ಕಲ್ಲು ಕಿತ್ತಾಕಿ, ಗುಳಿ ಅಗ್ಲ ಮಾಡಿ, ವಳೆ ಮಳ್ಳು ತುಂಬ್ಸಿ. ಮಳ್ಳು ನಿಲ್ಲುಸ್ತದೆ, ಒದ್ರೆ ಬುಟ್ಬುಡ್ತದೆ.”

ಹೊಳೆ ಮೈದಾನದ ಬೆನ್ನಿಗೇ ಇತ್ತು. ನಾಲ್ಕು ಶಾಲೆಯ ಹುಡುಗರೂ ಮೇಷ್ಟ್ರುಗಳೂ ಮಂಕರಿಗಳಲ್ಲಿ, ಟವೆಲುಗಳಲ್ಲಿ, ಒಬ್ಬಿಬ್ಬರು ಟೋಪಿಗಳಲ್ಲಿ ಹೇಮಾವತಿಯ ಮರಳು ಹೊತ್ತು ತಂದರು. ಮುದುಕಿ ಪ್ರತಿ ಗುಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, “ತುಳೀಬ್ಯಾಡ ಕಣ್ಲಾ, ಸುಮ್ಕೆ ಸುರಿ,” ಎಂದು ಗದರುತ್ತಿದ್ದಳು. ಡ್ರಿಲ್ ಮೇಷ್ಟ್ರು ಒಂದೊಂದನ್ನೂ ಕಾಲಿನಿಂದ ಒತ್ತಿ ಬೀಳಿಸಿ, ಮತ್ತೆ ನಿಲ್ಲಿಸಿ, ತಲೆಯಾಡಿಸುತ್ತಾ ಹೋದ. ಆರನೆಯ ತಡಿಕೆ ನಿಂತಾಗ ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಹೆಡ್‌ಮಾಸ್ಟರು ನನ್ನ ಪಕ್ಕ ಬಂದು ನಿಂತಿದ್ದರು. “ಹೋಯಿತು,” ಎಂದರು. ರೈಲನ್ನೋ ಕಾಗದವನ್ನೋ, ನಾನು ಕೇಳಲಿಲ್ಲ.

ಓಟ ಒಂದು ನಿಮಿಷವೂ ಇರಲಿಲ್ಲ. ನಾಲ್ವರಿಗೂ ಸೇರಿ ಒಂದೇ ಉದ್ದನೆಯ ತಡಿಕೆಯಾದ್ದರಿಂದ, ಮೊದಲು ಬಂದವನ ಕಾಲು ತಾಗಿ ಅದು ಮಲಗುತ್ತಿತ್ತು, ಹಿಂದಿನವರು ಚಾಪೆಯ ಮೇಲೆ ನಡೆದಂತೆ ಓಡಿಹೋಗುತ್ತಿದ್ದರು. ಹಾಸನದವನು ಮೂರು ತಡಿಕೆ ಬೀಳಿಸಿ ಸುಸ್ತಾದ. ಹಿಂದೆ ಉಳಿದು ಚೊಕ್ಕ ದಾರಿಯಲ್ಲಿ ಬಂದ ಅರಕಲಗೂಡಿನವನು ಗೆದ್ದ. ಹಾಸನದವನನ್ನು ದಾಟಿ ನಾಲ್ಕನೆಯದನ್ನು ಹಾರಿದ್ದ ಚನ್ನರಾಯಪಟ್ಟಣದ ಕುಳ್ಳ ಹುಡುಗ ಐದನೆಯದಕ್ಕೆ ಎರಡು ಮೊಣಕಾಲೂ ಕೊಟ್ಟು, ತಡಿಕೆಯ ಸಮೇತ ಮಕಾಡೆ ಬಿದ್ದ. ನಾನು ಅವನ ಕಡೆ ಓಡಿದೆ. ಅವನು ಎದ್ದು, ಮೊಣಕಾಲಿನ ಮರಳು ಕೊಡವಿಕೊಂಡು, ಆಗಲೇ ಮಲಗಿದ್ದ ಆರನೆಯದನ್ನೂ ಹಾರಿ ಕೊನೆಯವನಾಗಿ ಬಂದ. ಮುದುಕಿ ಹತ್ತಿರದವರಿಗೆ ಹೇಳುತ್ತಿದ್ದಳು: “ಆ ಗಿಡ್ಡಂದೊಂದೇ ಪೂರ್ತಿ ಆರಿದ್ದು ನೋಡಿ.”

ಎಷ್ಟೋ ವರ್ಷದ ಮೇಲೆ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿದೆ: ಅವರ ದೇಶದಲ್ಲಿ ಈ ಓಟ ಶುರುವಾದಾಗ ನಿಜವಾಗಿಯೂ ಕುರಿಯ ತಡಿಕೆಗಳನ್ನೇ ನೆಲಕ್ಕೆ ಹುಗಿದು ಹಾರುತ್ತಿದ್ದರಂತೆ, ಕಾಲು ಮುರಿದುಕೊಳ್ಳುತ್ತಲೂ ಇದ್ದರಂತೆ. ಬೀಳುವ ಹಗುರ ಚೌಕಟ್ಟು ಬಂದದ್ದು ಆಮೇಲೆ. ಅಂದರೆ ಅವರಿಗೆ ಬಹಳ ಕಾಲ ಹಿಡಿದ ತಿಳಿವಳಿಕೆ ನಮಗೆ ಒಂದು ಶನಿವಾರದ ಅರ್ಧ ಗಂಟೆಯಲ್ಲಿ ಬಂತು. ಆದರೆ ಇದನ್ನು ಹ್ಯಾಗೆ ಸಾಹೇಬರಿಗೆ ತಿಳಿಸುವುದು?

ಆರು ವಾರದ ಮೇಲೆ ಹಾಸನದಿಂದ ಕಾಗದ ಬಂತು. ಕೆಲಸ ಹೋಗಿರಲಿಲ್ಲ. ಖಾಯಮ್ಮೂ ಆಗಿರಲಿಲ್ಲ. ಇನ್ನೊಂದು ವರ್ಷ ಹಂಗಾಮಿಯಾಗಿ, ಚನ್ನರಾಯಪಟ್ಟಣಕ್ಕೆ. ಕಾಗದ ಹಿಡಿದು ಹೆಡ್‌ಮಾಸ್ಟರ ಮುಂದೆ ನಿಂತೆ. ನನ್ನ ಮೇಲೆ ವರದಿ ಬರೆದವರು ಅವರೇ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು.

“ಪಾಠ ಚೆನ್ನಾಗಿ ಮಾಡ್ತಾರೆ ಅಂತ ಬರ್ದಿದೀನಿ. ಪ್ರಾಮಾಣಿಕರು ಅಂತಾನೂ ಬರ್ದಿದೀನಿ,” ಎಂದರು. “ಕೊನೇಲಿ ಒಂದು ಸಾಲು, ಕೆಲಸದಲ್ಲಿ ತಡ ಮಾಡುವ ಸ್ವಭಾವ. ಅವರು ಕೇಳಿದ್ರು, ಯಾಕೆ ಹೀಗಾಯ್ತು ಅಂತ. ಏನಾದ್ರೂ ಬರೀಬೇಕಿತ್ತಲ್ಲ. ಸುಳ್ಳೇನ್ರೀ?”

“ಸುಳ್ಳಲ್ಲ, ಸಾರ್.”

ತಡ, ತಡೆ, ತಡಿಕೆ. ಮೂರೂ ಒಂದೇ ಬೇರಿನವು ಇರಬೇಕೆಂದು ಆ ಕ್ಷಣದಲ್ಲೂ ನನ್ನ ತಲೆ ಹೇಳಿತು. ಹಳೆಯ ರೋಗ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಮರಳು ಹಾಕೋ ಮುಂಚೆ ನಾನೂ ಹೋಗಿ ಆ ತಡಿಕೇನ ಒಂದು ಸಲ ಒದ್ದು ನೋಡಿದ್ದೆ ಕಣ್ರೀ,” ಎಂದರು. “ಒಂದು ವಾರ ಹೆಬ್ಬೆರಳು ಊದಿಕೊಂಡಿತ್ತು.”

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹೆಂಡತಿಯನ್ನು ಕಿಟಕಿಯ ಪಕ್ಕ ಕೂರಿಸಿ, ಅವಳ ಬೆನ್ನಿಗೆ ಹಾಸಿಗೆಯ ಸುರುಳಿ ಕೊಟ್ಟು, ನಾನು ಪಕ್ಕದಲ್ಲಿ ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದೆ. ಬಸ್ಸು ಊರು ಬಿಟ್ಟು ಎರಡು ಮೈಲಿ ಬಂದಿರಬಹುದು. ಇದ್ದಕ್ಕಿದ್ದ ಹಾಗೆ ನನಗೆ ಹೊಳೆಯಿತು. ಟ್ರಂಕಿನಿಂದ ಕಾಲು ಇಳಿಸಿ ನೆಟ್ಟಗೆ ಕೂತೆ.

“ಏನು?” ಎಂದಳು, ನನ್ನ ಮುಖ ನೋಡಿ.

“ಅವತ್ತು ಮರಳು ತುಂಬಿಸೋಕೆ ಅರ್ಧ ಗಂಟೆ ಹಿಡೀತಲ್ಲ. ಆ ಅರ್ಧ ಗಂಟೇಲಿ ಸಾಹೇಬರಿಗೆ ಕಾಫಿ ಕೊಡಬಹುದಿತ್ತು. ಕಾಫಿ ಜೊತೆ ಕಾಗದ. ಓಟ ಆಮೇಲೆ.”

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು.

“ನನಗೆ ಅವತ್ತು ಸಾಯಂಕಾಲವೇ ಹೊಳೀತು,” ಎಂದಳು. “ಹೇಳಿದ್ರೆ ನೀವು ಆರು ವಾರ ನಿದ್ದೆ ಮಾಡ್ತಿರಲಿಲ್ಲ.”